ಮದುವೆಯಾದರೆ ಕಾಯಕ ಮುಗಿಯಿತೇ?



ನಮ್ಮ ನವಲಗುಂದದ ಜಮಖಾನ ನೇಯುವವರು ಹೆಣ್ಣುಮಕ್ಕಳು. ಆದರೆ ಮದುವೆಯಾದ ಮೇಲೆ ವಿದ್ಯೆ ಪರರ ಮನೆ ಸೇರುತ್ತದೆಂದು ಹಿಂದೆ ಮಗಳಿಗೇ ಮಗ್ಗದ ಗುಟ್ಟು ಹೇಳಿಕೊಡುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅಂದು ಮಗ್ಗಕ್ಕೆ ಅಡ್ಡ ಬಂದ ಮದುವೆ ಇಂದು ಮೊಬೈಲ್ ಕಾರ್ಖಾನೆಯ ಬಾಗಿಲಲ್ಲಿ ನಿಂತಿದೆ.

ತಮಿಳುನಾಡಿನ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಕೆಲಸಕ್ಕೆ ಮದುವೆಯಾದ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲವೆಂದು 2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಮನೆಯ ಹೊಣೆ, ಬಸಿರು, ಗೈರುಹಾಜರಿ ಇವೇ ಕಾರಣಗಳಂತೆ. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಕೇಂದ್ರ ಕಾರ್ಮಿಕ ಸಚಿವಾಲಯ 1976ರ ಸಮಾನ ಸಂಭಾವನೆ ಕಾಯ್ದೆಯನ್ನು ನೆನಪಿಸಿ ರಾಜ್ಯದಿಂದ ವರದಿ ಕೇಳಿತು. ಕೆಲಸ ಕೇಳಿ ಬಂದ ಗಂಡಸಿಗೆ 'ನಿನಗೆ ಮದುವೆಯಾಗಿದೆಯೇ?' ಎಂದು ಯಾರು ತಡೆಯುತ್ತಾರೆ?

ಈ ನೆವ ಹೊಸದೂ ಅಲ್ಲ. ಮದುವೆಯಾದ ಹೆಣ್ಣು ಕೆಲಸ ಬಿಡಬೇಕೆಂಬ ಮುಂಬೈಯ ಔಷಧ ಕಂಪನಿಯೊಂದರ ನಿಯಮವನ್ನು ಸುಪ್ರೀಂ ಕೋರ್ಟ್ 1965ರಲ್ಲಿಯೇ ತಳ್ಳಿಹಾಕಿತ್ತು. ಮದುವೆಯಾದವರು ಹೆಚ್ಚು ಗೈರಾಗುತ್ತಾರೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ.

ಶ್ರೀಪೆರಂಬದೂರು ದೂರದ ಊರು ಎನ್ನಬೇಡಿ. ನಮ್ಮ ರಾಜ್ಯದ ದೇವನಹಳ್ಳಿಯಲ್ಲಿಯೂ ಅದೇ ಕಂಪನಿಯ ಕಾರ್ಖಾನೆ ಬಂದಿದೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹರೆಯದ ಹೆಣ್ಣುಮಕ್ಕಳು. ನಾಳೆ ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಮಕ್ಕಳೂ ಅಂಥಲ್ಲಿಗೇ ಹೊರಡುವವರು.

ಆದರೆ ಕಂಪನಿಯನ್ನಷ್ಟೇ ಬಯ್ದು ಕೈ ತೊಳೆದುಕೊಳ್ಳುವಂತಿಲ್ಲ. 'ಮನೆಯ ಹೊಣೆ' ಎಂಬ ನೆವವನ್ನು ಅವರ ಕೈಗೆ ಕೊಟ್ಟವರು ನಾವೇ. ಪಾಳಿ ಮುಗಿಸಿ ಬಂದ ಸೊಸೆಯೇ ರೊಟ್ಟಿ ಬಡಿಯಬೇಕು, ಕೂಸನ್ನೂ ಆಡಿಸಬೇಕು; ಮಗ ಮಾತ್ರ ಕಾಲು ಚಾಚಿ ಕೂಡುತ್ತಾನೆ. ಕನ್ಯಾ ನೋಡಲು ಹೋದವರ ಮೊದಲ ಮಾತೇ, "ಮದುವಿ ಆದಮ್ಯಾಲ ನೌಕರಿ ಬಿಡಸ್ತೀರಿ, ಹೌದಿಲ್ಲೋ?"

ಬಸವಣ್ಣನವರ ಕಲ್ಯಾಣದಲ್ಲಿ ಹೀಗಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮ ತಾಯಿ ಸಂಸಾರಸ್ಥೆ. ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನವರಿಗೆ ಕಾಯಕದ ಮರ್ಮ ತಿಳಿಸಿ, ಅದನ್ನು ಮರಳಿ ಸುರಿದು ಬರಲು ಕಳಿಸಿದರು. ಕದಿರ ರೆಮ್ಮವ್ವೆ ತಾಯಿಗೆ ನೂಲುವ ಕಾಯಕವೇ ಹೆಸರಾಯಿತು. ಇಷ್ಟಲಿಂಗದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲದ ಮೇಲೆ ಕಾಯಕದಲ್ಲಿ ಎಲ್ಲಿಂದ ಬಂತು?

ಪೂಜ್ಯರಲ್ಲಿ ಒಂದು ಬಿನ್ನಹ. ಮಠಗಳ ಸಾಮೂಹಿಕ ವಿವಾಹಗಳಲ್ಲಿ ವರನಿಂದ ಒಂದು ಮಾತು ಪಡೆಯಿರಿ: ಮಡದಿಯ ಕಾಯಕವನ್ನು ಬಿಡಿಸುವುದಿಲ್ಲ, ಮನೆಗೆಲಸದಲ್ಲಿ ನನ್ನ ಪಾಲು ನಾನು ಮಾಡುತ್ತೇನೆ. ಅತ್ತೆ ಮಾವಂದಿರ ಎದುರೇ ಅವನು ಅದನ್ನು ಹೇಳಲಿ. ಆಮೇಲೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ನ್ಯಾಯ ಕೇಳಲು ನಮಗೂ ಬಾಯಿ ಬರುತ್ತದೆ.