ಸಣ್ಣ ವ್ಯಾಪಾರಿಯ ಪ್ರಮಾಣವಿಚಾರ

ತಿರುಮಕೂಡಲು ನರಸೀಪುರದ ಶ್ರೀ ಗುಂಜಾನರಸಿಂಹಸ್ವಾಮಿಯ ಹಸ್ತದಲ್ಲಿ ಗುಲಗಂಜಿಯೊಂದು ಇರುವುದನ್ನು ದರ್ಶನಾರ್ಥಿಗಳು ಬಲ್ಲರು. ಕಾವೇರಿ ಕಪಿಲೆಯರು ಕೂಡುವ ಈ ಕ್ಷೇತ್ರವು ಕಾಶಿಗಿಂತ ಗುಲಗಂಜಿಯಷ್ಟು ತೂಕ ಹೆಚ್ಚಿನದೆಂದು ಸಾರುವುದಕ್ಕಾಗಿಯೇ ಸ್ವಾಮಿಯು ಅದನ್ನು ಹಿಡಿದಿರುವನೆಂಬುದು ಜನರ ನಂಬುಗೆ. ನಂಬುಗೆಯ ಮಾತು ಹಾಗಿರಲಿ. ಅದರೊಳಗಿನ ಲೋಕನೀತಿಯೊಂದನ್ನು ಗಮನಿಸತಕ್ಕುದು. ಹಿಂದೆ ಅಕ್ಕಸಾಲಿಗನು ಚಿನ್ನವನ್ನು ತೂಗುತ್ತಿದ್ದುದು ಗುಲಗಂಜಿಯಿಂದ. ತನ್ನದು ಹೆಚ್ಚೆಂದು ಹೇಳುವವನು ಎಷ್ಟು ಹೆಚ್ಚೆಂಬುದನ್ನೂ ತೂಗಿಯೇ ಹೇಳಬೇಕು. ಕಾಶಿಯೊಡನೆ ಹೋಲಿಸುವಾಗಲೂ ಗುಲಗಂಜಿಯಷ್ಟೇ ಹೆಚ್ಚೆನ್ನುವ ಆ ಮಿತವಚನದಲ್ಲಿ ವ್ಯಾಪಾರಧರ್ಮದ ಸಾರವು ಅಡಗಿದೆ.

ಇಂದು ನಂಜನಗೂಡಿನ ಪೇಟೆಯಲ್ಲಾಗಲಿ ನರಸೀಪುರದ ಬೀದಿಯಲ್ಲಾಗಲಿ ಚಿಕ್ಕ ಅಂಗಡಿಯಿಟ್ಟು ಬದುಕುವವನ ಪಾಡು ಸುಲಭವಾದುದಲ್ಲ. ಎರಡು ಊರುಗಳೂ 766ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಎರಡಕ್ಕೂ ಮೈಸೂರು ಸಮೀಪ. ಬಸ್ಸು ಹತ್ತಿದ ಗಿರಾಕಿಯು ಮೈಸೂರಿನ ದೊಡ್ಡ ಮಳಿಗೆಗೆ ಹೋಗುತ್ತಾನೆ. ಬಸ್ಸು ಹತ್ತದವನಿಗೆ ಅಂಗೈಯಲ್ಲಿನ ಫೋನು ದೂರದ ಗೋದಾಮಿನ ಸರಕನ್ನು ಮನೆಬಾಗಿಲಿಗೇ ತರಿಸಿಕೊಡುತ್ತದೆ. ತಂದೆಯು ನಡೆಸಿದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಮಗನು ಹಿಂಜರಿಯುತ್ತಿದ್ದರೆ ಅದಕ್ಕೆ ಸೋಮಾರಿತನವೊಂದೇ ಕಾರಣವೆನ್ನಲಾಗದು. ನಾಳೆ ಈ ಅಂಗಡಿ ಇರುವುದೋ ಇಲ್ಲವೋ ಎಂಬ ಶಂಕೆಯೇ ಅದರ ಮೂಲ.

ಈ ಸಂಕಟಕ್ಕೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಹಿರಿಯ ವ್ಯಾಪಾರಿಗಳಲ್ಲಿ ಕೆಲವರು, ಬಾಗಿಲು ತೆರೆದು ದೀಪ ಹಚ್ಚಿ ಕುಳಿತರೆ ಬರತಕ್ಕ ಗಿರಾಕಿ ಬಂದೇ ಬರುವನೆಂದೂ, ಏನು ಬೇಕೆಂದು ಜನರನ್ನು ಕೇಳುತ್ತ ತಿರುಗುವುದು ಮಾನಸ್ಥರ ಲಕ್ಷಣವಲ್ಲವೆಂದೂ ಹೇಳುತ್ತಾರೆ. ತರುಣರಲ್ಲಿ ಕೆಲವರು, ವಾಟ್ಸಾಪಿನಲ್ಲಿ ಹಾಕಿದರೆ ಸಾಕು, ಇನ್‌ಸ್ಟಾಗ್ರಾಮಿನಲ್ಲಿ ಒಂದು ರೀಲು ಬಿಟ್ಟರೆ ಸಾಕು, ಊರಿಗೆ ಊರೇ ಅಂಗಡಿಗೆ ಬರುವುದೆನ್ನುತ್ತಾರೆ. ಈ ಎರಡು ಪಕ್ಷಗಳೂ ಸಾಧುವಲ್ಲ. ಮೊದಲನೆಯವನು ಕೇಳುವುದೇ ಇಲ್ಲ. ಎರಡನೆಯವನು ಕೇಳದೆಯೇ ಹೇಳುತ್ತಾನೆ. ವ್ಯಾಪಾರಿಯಾದವನು ಮೊದಲು ಅರಿಯಬೇಕು, ತರುವಾಯ ನುಡಿಯಬೇಕು. ಈ ಕ್ರಮವು ತಪ್ಪಿದರೆ ಹಳೆಯ ಗಲ್ಲಾಪೆಟ್ಟಿಗೆಯೂ ಕಾಯದು, ಹೊಸ ಫೋನೂ ಕಾಯದು.

ಅರಿಯುವ ಬಗೆ ಯಾವುದು? ನ್ಯಾಯಶಾಸ್ತ್ರಕಾರರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಇಂದಿನವರು ಮಾರುಕಟ್ಟೆ ಸಮೀಕ್ಷೆಯೆಂದು ದೊಡ್ಡ ಹೆಸರಿಟ್ಟು, ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವೆಂದು ತಿಳಿದಿರುವ ಕಾರ್ಯವು ಈ ನಾಲ್ಕರ ಪ್ರಯೋಗವೇ ಹೊರತು ಬೇರೆಯಲ್ಲ. ಅದಕ್ಕೆ ಬೇಕಾದ ಬಂಡವಾಳವು ಒಂದು ನೋಟುಪುಸ್ತಕ, ಒಂದು ಲೇಖನಿ ಮತ್ತು ದಿನಕ್ಕೆ ಅರ್ಧ ಗಂಟೆಯ ವ್ಯವಧಾನ.

ಮೊದಲನೆಯದು ಪ್ರತ್ಯಕ್ಷ, ಎಂದರೆ ಕಣ್ಣಿಟ್ಟು ನೋಡಿ ಎಣಿಸುವುದು. ನಂಜನಗೂಡಿನಲ್ಲಿ ಸೋಮವಾರಗಳಂದೂ ಹುಣ್ಣಿಮೆಯಂದೂ ಶ್ರೀಕಂಠೇಶ್ವರನ ಸನ್ನಿಧಿಗೆ ಜನ ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ಆದರೆ ಆ ದಿನ ತನ್ನ ಅಂಗಡಿಯ ಮುಂದೆ ಹಾದವರು ಎಷ್ಟು, ಮೆಟ್ಟಿಲು ಹತ್ತಿದವರು ಎಷ್ಟು, ಕೊಂಡವರು ಎಷ್ಟು ಎಂಬುದನ್ನು ಬರೆದಿಟ್ಟವರು ವಿರಳ. ಪುಸ್ತಕದಲ್ಲಿ ನಾಲ್ಕು ಅಂಕಣಗಳಿರಲಿ: ದಿನಾಂಕ, ಕೇಳಿದ ವಸ್ತು, ಮಾರಿದ ವಸ್ತು, ಕೇಳಿದರೂ ಇಲ್ಲದಿದ್ದ ವಸ್ತು. ಈ ನಾಲ್ಕನೆಯ ಅಂಕಣವೇ ಸರ್ವಾಧಿಕ ಮೌಲ್ಯವುಳ್ಳದ್ದು. ಇಲ್ಲವೆಂದು ಕಳುಹಿಸಿದ ಗಿರಾಕಿಯನ್ನು ವ್ಯಾಪಾರಿಯು ಸಂಜೆಯೊಳಗೆ ಮರೆಯುತ್ತಾನೆ, ಪುಸ್ತಕವು ಮರೆಯುವುದಿಲ್ಲ. ಒಂದು ತಿಂಗಳು ಹೀಗೆ ಬರೆದರೆ, ಬಸ್ಸಿನಲ್ಲಿ ಮರಳುವ ಯಾತ್ರಿಕನು ಕಿಲೋ ಕಟ್ಟನ್ನು ಬಿಟ್ಟು ನೂರು ಗ್ರಾಮಿನ ಪೊಟ್ಟಣವನ್ನು ಕೇಳುತ್ತಿದ್ದನೆಂಬಂತಹ ಸಣ್ಣ ಸತ್ಯಗಳು ತಾವಾಗಿ ಹೊರಬೀಳುತ್ತವೆ.

ಎರಡನೆಯದು ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ ಪಂಚಾಂಗವನ್ನು ಕಂಡು ಗಿರಾಕಿಯನ್ನು ಊಹಿಸಬಹುದು. ಮಾರ್ಚಿ-ಏಪ್ರಿಲ್ ವೇಳೆಗೆ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಪಂಚರಥಗಳು ಹೊರಡುತ್ತವೆ. ಜನವರಿ-ಫೆಬ್ರವರಿಯಲ್ಲಿ ಸುತ್ತೂರು ಜಾತ್ರೆಗೆ ರೈತಕುಟುಂಬಗಳು ನೆರೆಯುತ್ತವೆ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6 ಗಂಟೆಯವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿರುವುದರಿಂದ ಕೇರಳದ ಕಡೆಯ ಪ್ರಯಾಣಿಕರು ನಂಜನಗೂಡನ್ನು ಯಾವ ಹೊತ್ತಿನಲ್ಲಿ ದಾಟುವರೆಂಬುದನ್ನೂ ಊಹಿಸಬಹುದು. ಆದರೆ ಅನುಮಾನದಲ್ಲಿ ಹೇತ್ವಾಭಾಸದ ಭಯವುಂಟು. ಜನ ಹೆಚ್ಚು ಬರುವರು, ಆದಕಾರಣ ತನ್ನ ಸರಕು ಹೆಚ್ಚು ಮಾರುವುದು ಎಂಬುದು ಅಂತಹ ದುಷ್ಟಹೇತು. 1989ರಲ್ಲಿ ಆರಂಭವಾದ ನರಸೀಪುರದ ಕುಂಭಮೇಳವು ಮೂರು ವರ್ಷಗಳಿಗೊಮ್ಮೆ ನಡೆಯತಕ್ಕುದು; 2019ರ ಫೆಬ್ರವರಿಯಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ಅಪಾರ ಜನಸ್ತೋಮವು ಸೇರಿತು. ಅಂತಹ ಸಮಯಕ್ಕೆಂದು ಒಬ್ಬನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 20,000 ರೂಪಾಯಿ ಸಾಲ ತಂದು ಆಟದ ಸಾಮಾನು ತುಂಬಿದನೆಂದೂ, ಮೀಯಲು ಬಂದವರು ಮಿಂದು ಹೊರಟು 8,000 ರೂಪಾಯಿಯ ಸರಕು ಉಳಿಯಿತೆಂದೂ ಭಾವಿಸಿದರೆ, ಆರು ತಿಂಗಳಿಗೆ ಆ ಉಳಿಕೆಯ ಮೇಲಿನ ಬಡ್ಡಿಯೇ 1,440 ರೂಪಾಯಿ. ಕುಂಭ ಮೂರು ದಿನ, ಸಂಸಾರ ಸಾವಿರ ದಿನ. ಸಾವಿರ ದಿನಗಳ ಗಿರಾಕಿ ಯಾರೆಂಬುದನ್ನು ಅರಿತವನಿಗೆ ಮಾತ್ರ ಮೂರು ದಿನಗಳ ಲಾಭವು ದಕ್ಕುತ್ತದೆ.

ಮೂರನೆಯದು ಉಪಮಾನ. ಗೋವನ್ನು ಬಲ್ಲವನು ಅದರ ಸಾದೃಶ್ಯದಿಂದ ಗವಯವನ್ನು ಗುರುತಿಸುವನೆಂಬುದು ಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಪಕ್ಕದ ಅಂಗಡಿಯೊಡನೆ ತನ್ನ ಅಂಗಡಿಯನ್ನು ಹೋಲಿಸಿ, ಅಲ್ಲಿನ ಬೆಲೆ, ತೂಕ, ಪೊಟ್ಟಣ, ಬಾಗಿಲು ತೆರೆಯುವ ಹೊತ್ತು, ಮಾತಿನ ರೀತಿ ಇವುಗಳನ್ನು ಅಸೂಯೆಯಿಲ್ಲದೆ ಬರೆದುಕೊಳ್ಳುವುದು ಅವಶ್ಯ. ಆದರೆ ಹೋಲಿಕೆಯು ಅನುಕರಣೆಗೆ ದಾರಿಯಾಗಬಾರದು. ಬೀದಿಯಲ್ಲಿ ಒಂದು ಬೇಕರಿಯು ಚೆನ್ನಾಗಿ ನಡೆದರೆ ವರ್ಷದೊಳಗೆ ಅದೇ ಬೀದಿಯಲ್ಲಿ ನಾಲ್ಕು ಬೇಕರಿಗಳೆದ್ದು ಐದೂ ಸೊರಗುವುದು ಯಾವ ಊರಿಗೂ ಹೊಸತಲ್ಲ. ಸಾಮ್ಯವನ್ನು ಕಾಣುವುದರ ಜೊತೆಗೆ ಭೇದವನ್ನೂ ಕಾಣುವುದೇ ಉಪಮಾನದ ಫಲ.

ನಾಲ್ಕನೆಯದು ಶಬ್ದ; ಎಂದರೆ ಬಲ್ಲವರನ್ನು ಕೇಳಿ ತಿಳಿಯುವುದು. ಇಲ್ಲಿ ಬಲ್ಲವರೆಂದರೆ ಗಿರಾಕಿಗಳೇ. ಕೇಳುವುದಕ್ಕೂ ಒಂದು ವಿಧಾನವಿದೆ. ಮನೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರಬೇಕೆಂದಿರುವ ಗೃಹಿಣಿಯೊಬ್ಬಳು ನೆರೆಯವರನ್ನು ‘ಮಾಡಿದರೆ ತಗೋತೀರಾ ಅಕ್ಕಾ?’ ಎಂದು ಕೇಳಿದರೆ, ದಾಕ್ಷಿಣ್ಯಕ್ಕಾಗಿ ಎಲ್ಲರೂ ಹೂಂ ಎನ್ನುವರು. ಆ ಹೂಂಕಾರವನ್ನು ನಂಬಿ ಉದ್ದಿನ ಹಿಟ್ಟು ಕೊಂಡವಳು ಕೆಟ್ಟಳು. ಹೋದ ತಿಂಗಳು ಹಪ್ಪಳವನ್ನು ಎಲ್ಲಿ ಕೊಂಡಿರಿ, ಎಷ್ಟು ಕೊಂಡಿರಿ, ಎಷ್ಟು ಕೊಟ್ಟಿರಿ, ಅದರಲ್ಲಿ ಏನು ಹಿಡಿಸಲಿಲ್ಲ ಎಂದು ಕೇಳುವುದು ಸರಿಯಾದ ಪ್ರಶ್ನೆ. ಮೂವತ್ತು ಮನೆಗಳಲ್ಲಿ ಹದಿನೆಂಟು ಮನೆಯವರು ರುಚಿಯನ್ನು ಹೊಗಳಿ, ನಾಲ್ವರು ಮಾತ್ರ ಮುಂಗಡ ಹಣ ಕೊಟ್ಟರೆ, ಲೆಕ್ಕಕ್ಕೆ ಹಿಡಿಯತಕ್ಕ ಸಂಖ್ಯೆ ನಾಲ್ಕೇ, ಹದಿನೆಂಟಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯು ಹೊಗಳಿಕೆಯ ವಿಷಯದಲ್ಲಿ ಇಮ್ಮಡಿಯಾಗಿ ಸಲ್ಲುತ್ತದೆ.

ಹೀಗೆ ಅರಿತಾದ ಮೇಲೆ ನುಡಿಯುವ ಪ್ರಸಂಗ ಬರುತ್ತದೆ. ಊರೂರುಗಳ ನಡುವೆ ಸಂಬಂಧಜಾಲವನ್ನು ಹೆಣೆದುಕೊಂಡು ವ್ಯವಹರಿಸುವುದು ಕನ್ನಡನಾಡಿಗೆ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರೆಂದು ಶಾಸನಗಳಲ್ಲಿ ಕೀರ್ತಿತರಾದ ವಣಿಕ್ಸಂಘದವರು ದಕ್ಷಿಣಾಪಥದ ಉದ್ದಗಲಕ್ಕೂ ವ್ಯಾಪಾರ ನಡೆಸಿದರು. ಇತ್ತೀಚಿನ ದೃಷ್ಟಾಂತ ಬೇಕಾದರೆ, 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ನೆನೆಯಬಹುದು. ಬೆಳಗ್ಗೆ ಎದ್ದು ಹಲ್ಲುಜ್ಜುವ ಎಷ್ಟೋ ಮನೆಗಳಲ್ಲಿ ನಂಜನಗೂಡೆಂಬ ಹೆಸರು ಆ ಪೊಟ್ಟಣದ ಮೇಲೆ ನೆಲೆಸಿತು. ವಸ್ತುವು ಮನೆಯವರ ಅಗತ್ಯಕ್ಕೆ ಒದಗಿದಾಗ ಹೆಸರು ತಾನಾಗಿ ಪ್ರಯಾಣಮಾಡುತ್ತದೆ.

ಈಗಿನ ಉಪಕರಣ ಫೋನು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಎಂಬುದರಲ್ಲಿ ಸಣ್ಣ ವ್ಯಾಪಾರಿಯು ಶುಲ್ಕವಿಲ್ಲದೆ ತನ್ನ ಅಂಗಡಿಯ ವಿಳಾಸ, ವೇಳೆ, ಸರಕಿನ ಚಿತ್ರ ಮತ್ತು ಬೆಲೆಗಳನ್ನು ಇಡಬಹುದು. ಒಂದು ಪಟ್ಟಿ ಮಾಡಿಕೊಂಡು 256 ಗಿರಾಕಿಗಳಿಗೆ ಒಮ್ಮೆಗೇ ಸಂದೇಶ ಕಳುಹಿಸುವ ಅನುಕೂಲವೂ ವಾಟ್ಸಾಪಿನಲ್ಲಿದೆ. ಆದರೆ ಅದರಲ್ಲೊಂದು ನಿಯಮವುಂಟು: ಯಾವ ಗಿರಾಕಿಯು ವ್ಯಾಪಾರಿಯ ಸಂಖ್ಯೆಯನ್ನು ತನ್ನ ಫೋನಿನಲ್ಲಿ ಬರೆದಿಟ್ಟುಕೊಂಡಿರುವನೋ ಅವನಿಗೆ ಮಾತ್ರ ಆ ಸಂದೇಶವು ಮುಟ್ಟುತ್ತದೆ. ಯಂತ್ರವನ್ನು ರಚಿಸಿದವರು ನ್ಯಾಯಶಾಸ್ತ್ರವನ್ನು ಓದಿದ್ದರೋ ಇಲ್ಲವೋ, ನಿಯಮವು ಮಾತ್ರ ಶಾಸ್ತ್ರಸಮ್ಮತವೇ ಆಗಿದೆ. ಶಬ್ದವು ಪ್ರಮಾಣವಾಗುವುದು ಆಪ್ತನು ಆಡಿದಾಗ ಮಾತ್ರ. ವಸ್ತುವನ್ನು ಯಥಾರ್ಥವಾಗಿ ಅರಿತು, ಅರಿತುದನ್ನು ಅರಿತಂತೆಯೇ ಹೇಳುವವನು ಆಪ್ತ. ಗಿರಾಕಿಯ ಪಾಲಿಗೆ ಆಪ್ತನಾಗದ ವ್ಯಾಪಾರಿಯ ಸಾವಿರ ಸಂದೇಶಗಳೂ ಬರಿಯ ಸದ್ದು.

ಆಪ್ತತ್ವವನ್ನು ಗಳಿಸುವುದು ನಿಧಾನ, ಕಳೆಯುವುದು ಕ್ಷಣಮಾತ್ರ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಪನಾಮಾ ಸೊರಗುರೋಗದಿಂದ ಅದರ ಬೆಳೆ ಬಹಳವಾಗಿ ಕುಗ್ಗಿದೆ. ದುರ್ಲಭವಾದ ವಸ್ತುವಿಗೆ ಬೇಡಿಕೆ ಹೆಚ್ಚೆಂದು, ರಸಬಾಳೆಯ ಚಿತ್ರವನ್ನು ತೋರಿಸಿ ಬೇರೊಂದು ಬಾಳೆಯನ್ನು ಕಟ್ಟಿಕೊಡುವವನು ತನ್ನೊಬ್ಬನ ಹೆಸರನ್ನು ಕೆಡಿಸಿಕೊಂಡು ಸುಮ್ಮನಾಗುವುದಿಲ್ಲ. ಊರ ಹೆಸರನ್ನೇ ಮಾರಿಕೊಳ್ಳುತ್ತಾನೆ. ಇಂದು ರಸಬಾಳೆ ಬಂದಿಲ್ಲವೆಂಬ ಒಂದು ಸಾಲಿನ ಸಂದೇಶವು, ಬಂದಿದೆಯೆಂಬ ನೂರು ಸಾಲುಗಳಿಗಿಂತ ಹೆಚ್ಚಿನ ವಿಶ್ವಾಸವನ್ನು ಗಳಿಸಿಕೊಡುತ್ತದೆ.

ಇನ್ನು ಕೆಲವು ಮರ್ಯಾದೆಗಳನ್ನು ಹೇಳಬೇಕಾಗಿದೆ. ದಿನವೂ ಶುಭೋದಯದ ಚಿತ್ರಗಳನ್ನೂ ಪರಿಶೀಲಿಸದ ಸುದ್ದಿಗಳನ್ನೂ ಕಳುಹಿಸುವವನ ಸಂದೇಶವನ್ನು ಗಿರಾಕಿಯು ಓದದೆ ಬಿಡುತ್ತಾನೆ; ಬೆಲೆಯ ಸಂದೇಶವೂ ಅದರೊಡನೆ ಹೋಗುತ್ತದೆ. ಪರರ ಗುಂಪಿನಲ್ಲಿ ಕೇಳದೆ ಸರಕು ಹೊಗಳುವುದು ಪರರ ಮನೆಯ ಜಗಲಿಯ ಮೇಲೆ ಹೇಳದೆ ಅಂಗಡಿ ಹರಡಿದಂತೆ. ಗಿರಾಕಿಯು ನಂಬಿ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರಿಗೆ ದಾಟಿಸುವುದು ವಿಶ್ವಾಸಘಾತ. ಸಮ್ಮತಿಯಿಲ್ಲದೆ ಹಾಗೆ ಮಾಡುವುದನ್ನು ತಡೆಯುವುದಕ್ಕೆಂದೇ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವೂ ಆಗಿದೆ. ಫೋನು ಕಳೆಯಬಹುದು, ಖಾತೆ ಮುಚ್ಚಿಹೋಗಬಹುದು; ಆದಕಾರಣ ಮುಖ್ಯ ಗಿರಾಕಿಗಳ ಹೆಸರು ಕಾಗದದ ಪುಸ್ತಕದಲ್ಲಿಯೂ ಇರತಕ್ಕುದು. ಪರದೇಶದ ಕಂಪನಿಯ ಜಗಲಿಯಲ್ಲಿ ಅಂಗಡಿಯಿಟ್ಟವನು ಸ್ವಂತದ ಬಾಗಿಲನ್ನು ಮುಚ್ಚಲಾಗದು.

ನರಸೀಪುರದ ಕಡೆಯವರಿಗೆ ಮತ್ತೊಂದು ಮಾತು. ಹದಿಮೂರನೆಯ ಶತಮಾನದ ಸೋಮನಾಥಪುರದ ಕೇಶವಾಲಯವು ಬೇಲೂರು ಹಳೇಬೀಡುಗಳೊಡನೆ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದನ್ನೂ ತಲಕಾಡನ್ನೂ ನೋಡಬರುವ ಪರಸ್ಥಳದವನು ಊಟದ ಮನೆ ಎಲ್ಲಿದೆಯೆಂದು ದಾರಿಹೋಕರನ್ನು ಕೇಳುವುದಕ್ಕೆ ಮೊದಲು ಫೋನಿನ ನಕ್ಷೆಯನ್ನೇ ಕೇಳುತ್ತಾನೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ಸರಿಯಾದ ಸ್ಥಳ, ತೆರೆಯುವ ವೇಳೆಗಳನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆದರೆ ಮುಚ್ಚಿದ ಹೊತ್ತಿನಲ್ಲಿ ತೆರೆದಿದೆಯೆಂದು ಬರೆದವನು ಹಸಿದು ಬಂದವನ ಶಾಪಕ್ಕೆ ಗುರಿಯಾಗುವನು.

ಲೆಕ್ಕದ ವಿಷಯವು ಇದರಿಂದ ಬೇರೆಯಲ್ಲ. 2016ರಲ್ಲಿ ಆರಂಭವಾದ ಯುಪಿಐ ಪಾವತಿಯು ಇಂದು ಸೊಪ್ಪಿನ ಬುಟ್ಟಿಯವರೆಗೂ ಬಂದಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಇಂತಹ ಪಾವತಿಗಳ ಮೊತ್ತವನ್ನು ಆಧರಿಸಿ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿದಾಗ, ಕೆಲವರು ಹೆದರಿ ನಗದು ಮಾತ್ರವೆಂಬ ಫಲಕವನ್ನು ತೂಗುಹಾಕಿದರು. ಭಯಕ್ಕೆ ಮದ್ದು ಫಲಕವಲ್ಲ, ಪುಸ್ತಕ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಗಳನ್ನು ಮೀರಿದರೆ ಜಿಎಸ್‌ಟಿ ನೋಂದಣಿಯ ವಿಚಾರ ಬರುತ್ತದೆ; ಹಾಲು, ಹಸಿ ತರಕಾರಿಗಳಂತಹ ವಸ್ತುಗಳಿಗೆ ತೆರಿಗೆಯೇ ಇಲ್ಲ. ಆದರೆ ಬಂದ ಹಣದಲ್ಲಿ ಯಾವುದು ಹಾಲಿನದು, ಯಾವುದು ಬಿಸ್ಕತ್ತಿನದು, ಯಾವುದು ಭಾವಮೈದುನನ ಕೈಸಾಲದ್ದೆಂಬುದನ್ನು ಬರೆದಿಟ್ಟವನು ಮಾತ್ರ ಉತ್ತರ ಹೇಳಬಲ್ಲನು. ಗಿರಾಕಿಯನ್ನು ಅರಿಯುವುದಕ್ಕೆಂದು ತೆರೆದ ಪುಸ್ತಕವೇ ವ್ಯಾಪಾರಿಯನ್ನು ಕಾಯುವ ಪುಸ್ತಕವೂ ಆಗುತ್ತದೆ.

ಇಷ್ಟೆಲ್ಲಕ್ಕೂ ಒಂಟಿ ವ್ಯಾಪಾರಿಗೆ ಪುರುಸೊತ್ತು ಎಲ್ಲಿಯದೆಂದು ಕೇಳಬಹುದು. ಆಕ್ಷೇಪವು ನ್ಯಾಯವಾದುದೇ, ಉತ್ತರವು ಶಾಲೆಯಲ್ಲಿದೆ. ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅಂಗಡಿಗಳ ಮೇಲೆ ಬದುಕುವ ಮನೆಗಳವರು ಎಷ್ಟೋ ಮಂದಿ. ಶೇಕಡಾವಾರು ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸುವ ಬಾಲಕನು ಸಂಜೆ ತಂದೆಯ ನಾಲ್ಕು ಅಂಕಣಗಳನ್ನು ಕೂಡಿಸಿ ಹೇಳಲಿ. ಉಪಾಧ್ಯಾಯರು ಪ್ರೌಢಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಪೇಟೆಗೆ ಕರೆದೊಯ್ದು, ಒಂದು ಬೀದಿಯ ಕೊಳ್ಳುವವರನ್ನು ಎಣಿಸಿ, ಕೇಳಿ, ಬರೆಯಿಸಿ, ಫಲಿತಾಂಶವನ್ನು ಆ ಬೀದಿಯ ವ್ಯಾಪಾರಿಗಳಿಗೇ ಒಪ್ಪಿಸಲಿ. ಅದರಿಂದ ಗಣಿತಕ್ಕೂ ಜೀವ ಬರುವುದು, ಭಾಷೆಗೂ ಕೆಲಸ ಸಿಗುವುದು. ಎಲ್ಲಕ್ಕಿಂತ ಮಿಗಿಲಾಗಿ, ತಂದೆಯ ಅಂಗಡಿಯು ನಾಚಿಕೆಯ ಸ್ಥಳವಲ್ಲ, ಬುದ್ಧಿಯು ಕೆಲಸಮಾಡುವ ಸ್ಥಳವೆಂಬ ಅರಿವು ಮಗನಲ್ಲಿ ಮೂಡುವುದು.

ಸಂತೆ ಹೊತ್ತಿಗೆ ಮೂರು ಮೊಳ ನೇಯುವವನು ಹಿಂದೆಯೂ ಕೆಟ್ಟನು, ಇಂದೂ ಕೆಡುವನು. ಯಾರಿಗೆ, ಯಾವ ಸಂತೆಗೆ, ಎಷ್ಟು ಮೊಳವೆಂದು ಮುಂಚೆಯೇ ಅರಿತು ನೇಯ್ದವನು, ನೇಯ್ದುದನ್ನು ನೇಯ್ದಷ್ಟೇ ಎಂದು ಹೇಳಿದವನು ಬಾಳುವನು. ಸಂಗಮಕ್ಕೆ ಹೋಗಿಬರುವ ವ್ಯಾಪಾರಿಯು ಸ್ವಾಮಿಯ ಕೈಯಲ್ಲಿನ ಆ ಪುಟ್ಟ ಗುಲಗಂಜಿಯನ್ನು ಒಂದು ಗಳಿಗೆ ನಿಂತು ನೋಡಲಿ.