ಇಂಗ್ಲಿಷ್ ಮೇಷ್ಟ್ರು ಯಾಕೆ ಊರು ಬಿಡುತ್ತಾರೆ?

ಈಗಿನ ಮೇಷ್ಟ್ರುಗಳಿಗೆ ದುಡ್ಡಿನ ಹುಚ್ಚು ಹಿಡಿದಿದೆ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಗಂಟುಮೂಟೆ ಕಟ್ಟಿಕೊಂಡು ಹೊರದೇಶಕ್ಕೆ ಹೊರಟುಬಿಡುತ್ತಾರೆ ಎಂಬ ಮಾತನ್ನು ಮದುವೆ ಮನೆಗಳಲ್ಲಿ ಕೇಳಿದ್ದೇನೆ, ಶಿಕ್ಷಕರ ದಿನಾಚರಣೆಯ ವೇದಿಕೆಯ ಮೇಲೂ ಕೇಳಿದ್ದೇನೆ. ಹೀಗೆ ಹೇಳುವವರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಿಂದ ಎಂಜಿನಿಯರ್ ಹೋದರೆ ಅದು ಸಾಧನೆ. ಪೀಣ್ಯದಿಂದ ಇಂಗ್ಲಿಷ್ ಮೇಷ್ಟ್ರು ಹೋದರೆ ಅದು ದುರಾಸೆ! ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ. ಅವರು ಹೋಗುತ್ತಿಲ್ಲ, ನಾವು ಅವರನ್ನು ಕಳಿಸುತ್ತಿದ್ದೇವೆ ಎಂಬುದು ನನ್ನ ವಾದ.

ನಾನು ಬಿ.ಎ., ಬಿ.ಎಡ್. ಮಾಡಿ ಕೆಲಸಕ್ಕೆ ಸೇರಿದ್ದು 1990ರ ದಶಕದಲ್ಲಿ. ಅಂದಿನಿಂದ ಇಂದಿನವರೆಗೆ ಪೀಣ್ಯ, ದಾಸರಹಳ್ಳಿ ಸುತ್ತಿನ ಖಾಸಗಿ ಶಾಲೆಗಳಲ್ಲೇ ಪಾಠ ಹೇಳಿದ್ದೇನೆ. ಲೇತ್ ಮೆಷಿನ್ನಿನ ಮುಂದೆ ನಿಲ್ಲುವ ತಂದೆ, ಗಾರ್ಮೆಂಟ್ಸಿಗೆ ಹೋಗುವ ತಾಯಿ. ಅವರ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುವವಳು. ಇಷ್ಟು ವರ್ಷಗಳಲ್ಲಿ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ ಶಿಕ್ಷಕ ದಂಪತಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ಜೋಡಿಯ ಲೆಕ್ಕ ಹೇಳುತ್ತೇನೆ. ಅವನಿಗೆ ಹದಿನೆಂಟು ಸಾವಿರ, ಅವಳಿಗೆ ಹದಿನಾಲ್ಕು ಸಾವಿರ. ಎರಡು ಕೋಣೆಯ ಮನೆಗೆ ಬಾಡಿಗೆ ಹನ್ನೊಂದು ಸಾವಿರ. ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಸಂಬಳ. ಅವಳು ಸಹಿ ಹಾಕುತ್ತಿದ್ದ ಪುಸ್ತಕದಲ್ಲಿ ಇದ್ದ ಮೊತ್ತವೇ ಬೇರೆ, ಕೈಗೆ ಬರುತ್ತಿದ್ದ ಮೊತ್ತವೇ ಬೇರೆ. ಇಬ್ಬರ ದುಡಿಮೆಯಲ್ಲಿ ಒಂದು ಮಗುವನ್ನು ತಾವೇ ಪಾಠ ಹೇಳುವ ಶಾಲೆಗೆ ಸೇರಿಸಲು ಒದ್ದಾಡುವವರಿಗೆ ದೇಶಪ್ರೇಮದ ಉಪದೇಶ ಮಾಡಲು ನಮಗೆ ನಾಚಿಕೆಯಾಗಬೇಕು.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದು ನಮ್ಮನ್ನು ನಡೆಸಿಕೊಂಡ ರೀತಿ ನೋಡಿ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲಿ ತೀರ್ಪು ಕೊಟ್ಟಿತು. ಅಂದರೆ ನನ್ನ ವಿದ್ಯಾರ್ಥಿಯ ತಂದೆಯನ್ನು ಕಾರ್ಖಾನೆಯವರು ಏಕಾಏಕಿ ತೆಗೆದರೆ ಅವನಿಗೆ ಹೋಗಲು ಲೇಬರ್ ಕೋರ್ಟಿತ್ತು. ಅವನ ಮಗನಿಗೆ ಪಾಠ ಹೇಳುವ ನನಗೆ ಆ ಬಾಗಿಲಿರಲಿಲ್ಲ. ಗ್ರಾಚ್ಯುಟಿಯ ಕಥೆಯೂ ಹೀಗೆಯೇ. ಆ ಕಾಯ್ದೆ ಶಿಕ್ಷಕರಿಗೆ ಅನ್ವಯಿಸುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2009ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ, 1997ರ ಏಪ್ರಿಲ್ 3ರಿಂದಲೇ ಶಿಕ್ಷಕರಿಗೂ ಅದು ಸಲ್ಲಬೇಕೆಂದಿತು. ಖಾಸಗಿ ಶಾಲೆಗಳು ಅದರ ವಿರುದ್ಧ ಕೋರ್ಟು ಹತ್ತಿ, 2022ರ ಆಗಸ್ಟಿನಲ್ಲಿ ಸೋತವು. ಹದಿಮೂರು ವರ್ಷ ಹೋರಾಡಿದ್ದು ಯಾಕೆ? ನಿವೃತ್ತಳಾದ ಟೀಚರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ ಕೊಡುವುದನ್ನು ತಪ್ಪಿಸಲು. ಕೋವಿಡ್ ಬಂದಾಗ ಎಷ್ಟೋ ಶಾಲೆಗಳು ಸಂಬಳ ನಿಲ್ಲಿಸಿದವು. 2021ರಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಪರಿಹಾರ ಕೊಟ್ಟಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕೆಂಬ ಯೋಚನೆ ಎಷ್ಟೋ ಮನೆಗಳಲ್ಲಿ ಹುಟ್ಟಿದ್ದು ಆ ವರ್ಷ.

ಮೇಷ್ಟ್ರುಗಳು ಹೊರಗೆ ಹೋಗುವುದೇನೂ ಹೊಸದಲ್ಲ. ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾದ ಶಾಲೆಗಳಲ್ಲಿ ಪಾಠ ಹೇಳಿದವರಲ್ಲಿ ಭಾರತೀಯರು ಬಹಳ ಮಂದಿ. 1970ರ ದಶಕದಲ್ಲಿ ಎಣ್ಣೆಯ ದುಡ್ಡು ಬಂದಾಗ ನೈಜೀರಿಯಾ ಕರೆಯಿತು. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಸಿಕ್ಕಿ ಹೋದ ಮನೆಗಳುಂಟು. ಎಂಬತ್ತರ ದಶಕದಲ್ಲಿ ಅಲ್ಲಿನ ನೈರಾ ಬೆಲೆ ಕುಸಿದಾಗ ವಾಪಸು ಬಂದವರೂ ಉಂಟು. ಮಾಲ್ಡೀವ್ಸಿನ ದ್ವೀಪಗಳ ಶಾಲೆಗಳಲ್ಲಿ, ಗಲ್ಫಿನ ಇಂಡಿಯನ್ ಸ್ಕೂಲುಗಳಲ್ಲಿ ಇಂದಿಗೂ ನಮ್ಮವರಿದ್ದಾರೆ.

ಹೊಸದು ಯಾವುದೆಂದರೆ ಪಾಸ್‌ಪೋರ್ಟಿನ ಬಣ್ಣ ನೋಡಿ ಇಂಗ್ಲಿಷ್ ಅಳೆಯುವ ಪದ್ಧತಿ. ದಕ್ಷಿಣ ಕೊರಿಯಾ ಇಂಗ್ಲಿಷನ್ನು ಮಾತೃಭಾಷೆಯಾಗಿ ಆಡುವವರೆಂದು ಒಪ್ಪಿಕೊಂಡ ದೇಶಗಳು ಏಳೇ ಏಳು: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಮ್ಮೊಂದಿಗಿನ ವ್ಯಾಪಾರ ಒಪ್ಪಂದ 2010ರಲ್ಲಿ ಜಾರಿಗೆ ಬಂದ ಮೇಲೆ ತರಬೇತಿ ಪಡೆದ ಭಾರತೀಯ ಇಂಗ್ಲಿಷ್ ಶಿಕ್ಷಕರಿಗೆ ಒಂದು ಕಿಂಡಿ ತೆರೆಯಿತು, ಬಾಗಿಲು ತೆರೆಯಲಿಲ್ಲ. ಇಂಗ್ಲೆಂಡು 2023ರಲ್ಲಿ ಭಾರತದ ಶಿಕ್ಷಕರಿಗೂ ತನ್ನ ಅರ್ಹತಾ ಪತ್ರ ಕೊಡಲು ಶುರು ಮಾಡಿದಾಗ ಕೇಳಿದ್ದು ಗಣಿತ, ವಿಜ್ಞಾನ, ಅನ್ಯಭಾಷೆ ಕಲಿಸುವವರನ್ನು. ನಮ್ಮ ಗಣಿತ ಬೇಕು, ನಮ್ಮ ಇಂಗ್ಲಿಷ್ ಬೇಡ!

ಇದರ ಹುರುಳಿಲ್ಲದತನ ತಿಳಿಯಲು ನಮ್ಮ ವೈಟ್‌ಫೀಲ್ಡ್ ಸಾಕು. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘವನ್ನು ಕಟ್ಟಿದ ಡೇವಿಡ್ ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ಮನೆಯಲ್ಲಿ ಇಂಗ್ಲಿಷನ್ನೇ ಆಡುವ ಜನ ಅವರು. 2011ರ ಜನಗಣತಿಯಲ್ಲಿ ಇಂಗ್ಲಿಷೇ ಮಾತೃಭಾಷೆ ಎಂದು ಬರೆಸಿದ ಭಾರತೀಯರು ಸುಮಾರು 2.6 ಲಕ್ಷ. ಸ್ವಾತಂತ್ರ್ಯದ ನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳು ಹಲವು ಆಸ್ಟ್ರೇಲಿಯಾಕ್ಕೆ ಹೋದವು. ಅಲ್ಲಿ ಹುಟ್ಟಿ ಬೆಳೆದ ಮೊಮ್ಮಗಳು ಕೊರಿಯಾದ ನಿಯಮದಲ್ಲಿ ಇಂಗ್ಲಿಷಿನವಳು. ಇಲ್ಲೇ ಉಳಿದ ಅಣ್ಣನ ಮೊಮ್ಮಗಳು ಅಲ್ಲ. ಮುತ್ತಜ್ಜಿ ಒಬ್ಬಳೇ, ತಾಯ್ನುಡಿ ಒಂದೇ. ಬೇರೆಯಾದದ್ದು ಪಾಸ್‌ಪೋರ್ಟು ಮಾತ್ರ. ಅದೇ ವೈಟ್‌ಫೀಲ್ಡಿನ ಆಸುಪಾಸಿನಲ್ಲಿ ಇಂದು ಲಕ್ಷಗಟ್ಟಲೆ ಫೀಸಿನ 'ಇಂಟರ್‌ನ್ಯಾಷನಲ್' ಶಾಲೆಗಳು. ಜಾಹೀರಾತಿನಲ್ಲಿ ಒಬ್ಬ ಬಿಳಿಯ ಶಿಕ್ಷಕಿಯ ಚಿತ್ರ ಕಂಡರೆ ತಂದೆತಾಯಿಗಳಿಗೆ ಸಮಾಧಾನ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಕೊರಿಯಾದವರು ನಮ್ಮಿಂದಲೇ ಕಲಿತರೋ ಏನೋ!

ಈ ಮುಚ್ಚಿದ ಬಾಗಿಲುಗಳ ಮುಂದೆ ಏಜೆಂಟರು ಅಂಗಡಿ ಇಟ್ಟಿದ್ದಾರೆ. 'ದಂಪತಿಗಳಿಗೆ ಆದ್ಯತೆ' ಎನ್ನುವುದು ಅವರ ಸಿಹಿಮಾತು. ಆದ್ಯತೆ ಯಾಕೆಂದು ಯಾರೂ ಕೇಳುವುದಿಲ್ಲ. ಇಬ್ಬರು ಶಿಕ್ಷಕರಿಗೆ ಒಂದೇ ಮನೆ ಕೊಟ್ಟರಾಯಿತು. ಜೊತೆಗೆ, ಒಬ್ಬರ ಕೆಲಸ ಇನ್ನೊಬ್ಬರ ಕುತ್ತಿಗೆಗೆ ಕಟ್ಟಿದ ಹಗ್ಗ. ಒಬ್ಬರಿಗೆ ಅನ್ಯಾಯವಾದರೆ ಇಬ್ಬರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಗಲ್ಫಿನಲ್ಲಿ ಗಂಡನ ವೀಸಾದ ಮೇಲೆ ಇರುವ ಟೀಚರು ಸಿಕ್ಕರೆ ಶಾಲೆಗೆ ಲಾಭವೇ. ಅವಳಿಗೆ ಮನೆ, ವಿಮಾನದ ಟಿಕೆಟ್ಟು ಕೊಡುವ ಖರ್ಚು ಉಳಿಯುತ್ತದೆ. ಹೀಗಾಗಿ ಅಲ್ಲಿಯೂ ಹೆಂಗಸಿನ ಸಂಬಳವೇ ಕಡಿಮೆ.

ಇಲ್ಲಿಯೂ ಕಾನೂನು ನಮ್ಮ ಪದವಿಗೆ ದಂಡ ಹಾಕಿದೆ. ಹತ್ತನೇ ತರಗತಿ ಓದದ ಗಾರೆ ಕೆಲಸದವನು ಗಲ್ಫಿಗೆ ಹೋಗುವಾಗ ವಲಸೆ ಅಧಿಕಾರಿ ಅವನ ಕರಾರು ನೋಡಿ ಅನುಮತಿ ಕೊಡಬೇಕು. ಬಿ.ಎ., ಬಿ.ಎಡ್. ಮಾಡಿದವರಿಗೆ ಅದು ಬೇಡ, ಅವರು ತಿಳಿದವರು! ಊರಿನಲ್ಲಿ ಕಾರ್ಮಿಕರಲ್ಲ ಎಂದರು, ಹೊರಡುವಾಗ ಕಾಯಬೇಕಾದವರಲ್ಲ ಎಂದರು. ವಿದ್ಯಾವಂತರೆಂಬ ಗೌರವ ಕೊಟ್ಟು ಇದ್ದ ಕೊಡೆಯನ್ನೂ ಕಸಿದುಕೊಂಡ ಹಾಗಾಯಿತು.

ಆದ್ದರಿಂದ ಹೊರಡುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಹೋಗಿ, ಆದರೆ ಕಣ್ಣು ಬಿಟ್ಟುಕೊಂಡು ಹೋಗಿ. ಏಜೆಂಟನ ಸರ್ಕಾರಿ ನೋಂದಣಿ ನೋಡಿ. ಸೇವಾ ಶುಲ್ಕವೆಂದು ಅವನು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಗಂಡನಿಗೊಂದು ಕರಾರು, ಹೆಂಡತಿಗೊಂದು ಕರಾರು, ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಇಬ್ಬರಿಗೂ ಒಂದೇ ಊರು, ಒಂದೇ ದ್ವೀಪ ಎಂಬುದು ಬಾಯಿಮಾತಿನಲ್ಲಿ ಅಲ್ಲ, ಕಾಗದದ ಮೇಲಿರಲಿ. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು. ಯಾವ ಮಾಲೀಕನ ಬೀರುವಿಗೂ ಅದನ್ನು ಕೊಡಬೇಡಿ.

ಉಳಿದವರಿಗೆ, ಅಂದರೆ ಊರಿನಲ್ಲಿ ಕುಳಿತು ತೀರ್ಪು ಕೊಡುವ ನಮ್ಮಂಥವರಿಗೆ, ಹೇಳುವುದು ಬೇರೆ ಇದೆ. ಒಂದು ವರ್ಷದಲ್ಲಿ ಮೂವರು ಇಂಗ್ಲಿಷ್ ಶಿಕ್ಷಕರು ಬದಲಾದ ತರಗತಿಯನ್ನು ನಾನು ಬಲ್ಲೆ. ಅಲ್ಲಿನ ಮಕ್ಕಳು ಪ್ರತಿ ಸಲವೂ ಮೊದಲ ಪಾಠದಿಂದ ಶುರು ಮಾಡಿದರು. ಆ ನಷ್ಟ ನಿಜ, ಆದರೆ ಅದನ್ನು ಹೋದವರ ಲೆಕ್ಕಕ್ಕೆ ಬರೆಯಬೇಡಿ. ಪೋಷಕರ ಸಭೆಯಲ್ಲಿ ಕಟ್ಟಡ, ಬಸ್ಸು, ಯೂನಿಫಾರ್ಮು, ಸ್ಮಾರ್ಟ್ ಬೋರ್ಡು ಎಲ್ಲದರ ಬಗ್ಗೆ ಕೇಳುತ್ತೀರಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಾವು ಕಟ್ಟಿದ ಫೀಸಿನಲ್ಲಿ ನಮ್ಮ ಮಗುವಿನ ಟೀಚರ ಕೈಗೆ ಎಷ್ಟು ಹೋಗುತ್ತದೆ? ಉತ್ತರ ಬರುವವರೆಗೆ ಕೂರಬೇಡಿ.