ಶರೀರ ಮತ್ತು ಶಾರೀರ

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಡದ ಪುಣ್ಯಕ್ಷೇತ್ರ. ರಾಮೇಶ್ವರನ ದರ್ಶನಕ್ಕೂ ಸುಬ್ರಹ್ಮಣ್ಯನ ಷಷ್ಠಿಯ ತೇರಿಗೂ ಜನ ನೆರೆಯುವ ಊರು. ಅದೇ ಹೊಳೆಯ ದಡದಲ್ಲಿರುವ ನೆರೆಯ ರುದ್ರಪಟ್ಟಣವಾದರೋ ಸಂಗೀತಗಾರರ ತವರು. ಹಿರಿಯ ಗಾಯಕ ಆರ್. ಕೆ. ಶ್ರೀಕಂಠನ್ (1920–2014) ಅಲ್ಲಿಯವರೇ. ಜಾತ್ರೆಯೂ ಸಂಗೀತವೂ ಕೂಡಿಬಂದ ಇಂಥ ಸೀಮೆಗಳ ಪ್ರೇಕ್ಷಕರನ್ನು ನಂಬಿಯೇ ಹಿಂದೆ ನಾಟಕ ಕಂಪನಿಗಳು ಬಾಳಿದವು. ರಂಗಕ್ಕೆ ಬಂದ ನಟನ ಶರೀರವನ್ನು ನೋಡುವ ಮೊದಲೇ ಆ ಪ್ರೇಕ್ಷಕರು ಅವನ ಶಾರೀರವನ್ನು ಅಳೆಯುತ್ತಿದ್ದರು. ಧ್ವನಿವರ್ಧಕವಿಲ್ಲದ ಕಾಲ; ಕಂಠ ಕಡೆಯ ಸಾಲಿನ ನೆಲದ ಪ್ರೇಕ್ಷಕನನ್ನು ಮುಟ್ಟಬೇಕು. ಮುಟ್ಟಿದರೆ 'ಒನ್ಸ್ ಮೋರ್'. ಮುಟ್ಟದಿದ್ದರೆ ರಾಜಪೋಷಾಕೂ ಅವನನ್ನು ಕಾಯದು.

ಈ ಪರೀಕ್ಷೆಯಲ್ಲಿ ಗೆದ್ದು, ರಂಗಭೂಮಿಯಿಂದ ಬೆಳ್ಳಿತೆರೆಗೆ ನಡೆದವರಲ್ಲಿ ಸಿ. ಹೊನ್ನಪ್ಪ ಭಾಗವತರ್ ಅಗ್ರಗಣ್ಯರು. 1915ರಲ್ಲಿ ನೆಲಮಂಗಲದ ಕಡೆಯ ಚೌಡಸಂದ್ರದಲ್ಲಿ ಹುಟ್ಟಿದ ಅವರು ಶಾಸ್ತ್ರೀಯ ಸಂಗೀತವನ್ನು ಕಲಿತು, ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ನಟ-ಗಾಯಕರಾಗಿ ಹೆಸರಾದರು. 1934ರಲ್ಲಿ 'ಸತಿ ಸುಲೋಚನಾ' ತೆರೆಕಂಡು ಕನ್ನಡಕ್ಕೆ ವಾಕ್ಚಿತ್ರ ಬಂದಾಗ, ಅದಕ್ಕೆ ಬೇಕಾದ ನಟರನ್ನು ಒದಗಿಸಿದ್ದು ರಂಗಭೂಮಿಯೇ. ಕಾರಣ ಸ್ಪಷ್ಟ. ಆಗಿನ್ನೂ ಕ್ಯಾಮೆರಾದ ಮುಂದೆ ನಿಂತವನೇ ಹಾಡಬೇಕಿತ್ತು. ವಾದ್ಯಗಾರರು ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ಸ್ವರ ತಪ್ಪಿದರೆ ದೃಶ್ಯವೆಲ್ಲ ಮೊದಲಿಂದ.

ಹೊನ್ನಪ್ಪನವರು 1937ರಲ್ಲಿ ತಮಿಳಿನ 'ಅಂಬಿಕಾಪತಿ'ಯಲ್ಲಿ ಕಾಣಿಸಿಕೊಂಡರು. ಆ ಚಿತ್ರದ ನಾಯಕ ಎಂ. ಕೆ. ತ್ಯಾಗರಾಜ ಭಾಗವತರ್ ತಮಿಳುನಾಡಿನ ಆರಾಧ್ಯ ಗಾಯಕನಟರು. 1944ರಲ್ಲಿ ಅವರು ಕೊಲೆ ಮೊಕದ್ದಮೆಯೊಂದರಲ್ಲಿ ಬಂಧಿತರಾದ ಮೇಲೆ, 'ಶ್ರೀ ಮುರುಗನ್' (1946) ಚಿತ್ರದ ನಾಯಕನ ಪಾತ್ರ ಕನ್ನಡದ ಈ ಭಾಗವತರ ಪಾಲಿಗೆ ಬಂತು. ಅದೇ ಚಿತ್ರದಲ್ಲಿ ಶಿವನಾಗಿ ನರ್ತಿಸಿದವರು ಮುಂದೆ ಮುಖ್ಯಮಂತ್ರಿಯಾದ ಎಂ. ಜಿ. ರಾಮಚಂದ್ರನ್. ಕನ್ನಡದಲ್ಲಿ 'ಸುಭದ್ರಾ' (1941), 'ಹೇಮರೆಡ್ಡಿ ಮಲ್ಲಮ್ಮ' (1946) ಚಿತ್ರಗಳು ಗುಬ್ಬಿ ಪರಂಪರೆಯನ್ನೇ ತೆರೆಗೆ ತಂದವು.

ಆದರೆ ಅಷ್ಟರಲ್ಲಿ ಹಿನ್ನೆಲೆ ಗಾಯನ ಬೇರೂರುತ್ತಿತ್ತು. ಹಾಡುವವನು ಒಬ್ಬ, ತುಟಿಯಾಡಿಸುವವನು ಇನ್ನೊಬ್ಬ ಎಂಬ ವ್ಯವಸ್ಥೆ ಬಂದೊಡನೆ, ಒಂದೇ ದೇಹದಲ್ಲಿದ್ದ ಎರಡು ಕಲೆಗಳು ಬೇರ್ಪಟ್ಟವು. ಇದರಿಂದ ಚಿತ್ರರಂಗಕ್ಕೆ ಲಾಭವಾಯಿತೆಂಬುದು ದಿಟ. ಕಂಠವಿಲ್ಲದ ಸಮರ್ಥ ನಟನಿಗೂ, ರೂಪ ಒಲಿಯದ ಸಮರ್ಥ ಗಾಯಕನಿಗೂ ಬಾಗಿಲು ತೆರೆಯಿತು. ಆದರೆ ಗಾಯಕನಟನ ಮೂಲಬಂಡವಾಳವೇ ಕರಗಿತು.

ಹೊನ್ನಪ್ಪನವರು ಇದಕ್ಕೆ ಗೊಣಗಿನಿಂದಲ್ಲ, ದುಡಿಮೆಯಿಂದ ಉತ್ತರ ಕೊಟ್ಟರು. 1955ರ 'ಮಹಾಕವಿ ಕಾಳಿದಾಸ'ದಲ್ಲಿ ನಾಯಕನ ಪಾತ್ರ, ಸಂಗೀತ, ನಿರ್ಮಾಣ ಎಲ್ಲದರ ಹೊಣೆಯನ್ನೂ ಹೊತ್ತರು. ಕು. ರಾ. ಸೀತಾರಾಮಶಾಸ್ತ್ರಿಗಳು ನಿರ್ದೇಶಿಸಿದ ಆ ಚಿತ್ರ ರಾಷ್ಟ್ರಮಟ್ಟದ ಮನ್ನಣೆಯನ್ನೂ ಪಡೆಯಿತು. ಹದಿನೇಳು ವರ್ಷದ ಬಿ. ಸರೋಜಾದೇವಿಯವರಿಗೆ ಚಿತ್ರರಂಗದ ದಾರಿ ತೆರೆದದ್ದೂ ಅದೇ. ಇಲ್ಲೊಂದು ವಿಪರ್ಯಾಸವುಂಟು: ಶಾರೀರದ ಯುಗದ ಈ ಕೊನೆಯ ಪ್ರತಿನಿಧಿ ಪರಿಚಯಿಸಿದ ತಾರೆ ಮುಂದೆ ನಾಲ್ಕು ಭಾಷೆಗಳಲ್ಲಿ ಮೆರೆದದ್ದು ಹಿನ್ನೆಲೆ ಗಾಯಕಿಯರ ಕಂಠವನ್ನು ನೆಚ್ಚಿದ ಯುಗದಲ್ಲಿ.

1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪನವರು ಬಸವಣ್ಣ; ರಾಜಕುಮಾರ್ ಬಿಜ್ಜಳ. ರಾಜಕುಮಾರರೂ ಗುಬ್ಬಿ ಕಂಪನಿಯ ನೀರು ಕುಡಿದವರು, ಹಾಡಬಲ್ಲವರು. ಆದರೂ ಕಾಲಧರ್ಮಕ್ಕೆ ತಲೆಬಾಗಿ ಬಹುಕಾಲ ಪಿ. ಬಿ. ಶ್ರೀನಿವಾಸರ ಇಂಪಾದ ಕಂಠಕ್ಕೆ ತುಟಿ ಕೂಡಿಸಿದರು. 1974ರ 'ಸಂಪತ್ತಿಗೆ ಸವಾಲ್' ಬಳಿಕವಷ್ಟೇ ಅವರ ಮುಖಕ್ಕೆ ಅವರದೇ ದನಿ ನೆಲೆಯಾಗಿ ಸೇರಿತು. ಜನ ಅದನ್ನು ಸ್ವೀಕರಿಸಿದ ರೀತಿಯನ್ನು ಕಂಡರೆ, ಡೇರೆಯ ಪ್ರೇಕ್ಷಕನ ಹಳೆಯ ಕಿವಿ ಇನ್ನೂ ಸತ್ತಿರಲಿಲ್ಲವೆನ್ನಬೇಕು.

ಹೊನ್ನಪ್ಪ ಭಾಗವತರ್ ತೀರಿಕೊಂಡದ್ದು 1992ರಲ್ಲಿ. ಅದೇ ವರ್ಷದ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ 'ಜೀವನ ಚೈತ್ರ'ದ ಹಾಡಿಗಾಗಿ ರಾಜಕುಮಾರರಿಗೆ ಸಂದಿತು. ಹಾಡಿದವರೇ ತೆರೆಯ ಮೇಲೂ ಇದ್ದುದರಿಂದ 'ಹಿನ್ನೆಲೆ' ಎಂಬ ಮಾತು ಅಲ್ಲಿ ಹೆಸರಿಗೆ ಮಾತ್ರ. ಆ ಗೌರವದಲ್ಲಿ ಒಂದು ಪಾಲು, ತೆರೆಯ ಮುಂದೆ ನಿಂತು ತಮ್ಮ ಕೊರಳಿನಿಂದಲೇ ಹಾಡಿದ ಆ ಹಿರಿಯ ತಲೆಮಾರಿಗೂ ಸಲ್ಲತಕ್ಕದ್ದು.